ವಿನೈಲ್ ಅಂಟಿಸಿದ ಲೋಟವನ್ನು ಓವನ್‌ನಲ್ಲಿ ಇಡಬೇಡಿ

ಗಾಜಿನ ಲೋಟಕ್ಕೆ ವಿನೈಲ್ ಚಿತ್ರ ಅಂಟಿಸಿ, ಓವನ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ 40 ನಿಮಿಷ ಇಟ್ಟರೆ ಅದು ಎಂದೂ ಕಿತ್ತುಬರುವುದಿಲ್ಲ ಎಂಬ ಸಲಹೆ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ಲೆಕ್ಕ ಪೆಬಿಯೊ ಕಂಪನಿಯ ವಿಟ್ರಿಯಾ 160 ಎಂಬ ಗಾಜಿನ ಬಣ್ಣಕ್ಕೆ ಸೇರಿದ್ದು. ಅದನ್ನು ತಂದು ವಿನೈಲ್‌ಗೆ ಗಂಟುಹಾಕಲಾಗಿದೆ.

ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್ ಹಾಳೆ. ಬಿಸಿಗೆ ಅದು ಮುದುಡುತ್ತದೆ, ಅಂಟು ಸಡಿಲಾಗುತ್ತದೆ. ಶಾಖ ಅತಿಯಾದರೆ ಹೈಡ್ರೋಜನ್ ಕ್ಲೋರೈಡ್ ಎಂಬ, ಕಣ್ಣು-ಗಂಟಲು ಉರಿಸುವ ಅನಿಲ ಹೊರಬರುತ್ತದೆ. ಕೇಕ್ ಬೇಯಿಸುವ ಓವನ್‌ನಲ್ಲಿ ಈ ಉಸಾಬರಿ ಯಾರಿಗೆ ಬೇಕು?

ಹಿಡಿತ ಬರುವುದು ತಯಾರಿಯಿಂದ. ಲೋಟವನ್ನು ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಆಮೇಲೆ ಅಂಟಿಸುವ ಜಾಗಕ್ಕೆ ಬೆರಳು ತಾಗಿಸಬೇಡಿ. ಚಿತ್ರದ ಅಂಚು ಏಳುವುದಕ್ಕೆ ಚರ್ಮದ ಜಿಡ್ಡೇ ಸಾಕು. ಒರಾಕಲ್ ಬ್ರ್ಯಾಂಡಿನ 651ರಂಥ ಶಾಶ್ವತ ಅಂಟಿನ ಹಾಳೆಯನ್ನೇ ಕೊಳ್ಳಿ. ಅದೇ ಬ್ರ್ಯಾಂಡಿನ 631 ಇರುವುದು ಗೋಡೆಗೆ ಅಂಟಿಸಿ ಮತ್ತೆ ತೆಗೆಯಲೆಂದು. ನಡುವಿನಿಂದ ಅಂಚಿನತ್ತ ಒತ್ತುತ್ತಾ ಗಾಳಿಗುಳ್ಳೆ ಹೊರಹಾಕಿ, 72 ಗಂಟೆ ನೀರು ಸೋಕಿಸಬೇಡಿ. ನಂತರವೂ ಕೈಯಲ್ಲೇ ತೊಳೆಯಿರಿ, ನೆನೆಹಾಕಬೇಡಿ. ತುಟಿ ತಾಗುವ ಅಂಚಿನಿಂದ ಚಿತ್ರ ಎರಡು ಸೆಂಟಿಮೀಟರ್ ಆದರೂ ಕೆಳಗಿರಲಿ. ಒಳಮೈಗಂತೂ ಬೇಡವೇ ಬೇಡ.