ಸೈಟು ಕೊಂಡಂತೆ ಸೈನ್ಯ ಕೊಂಡವರು

ಬ್ರಿಟಿಷ್ ಸೇನೆಯಲ್ಲಿ ಒಂದು ಕಾಲಕ್ಕೆ ಅಧಿಕಾರಿ ಹುದ್ದೆಗಳು ಮಾರಾಟಕ್ಕಿದ್ದವು. ಲಂಚ ಅಂದೀರಿ, ಜೋಕೆ! ಲಂಚಕ್ಕೆ ರೇಟು ಕಾರ್ಡು ಇರುವುದಿಲ್ಲ, ಇದಕ್ಕಿತ್ತು. ಅಶ್ವದಳದ ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ ಸರಕಾರಿ ಬೆಲೆ 6,175 ಪೌಂಡ್. ಕೈಯಿಂದ ಕೈಗೆ ಹೋಗುವುದು ಬೇರೆ, ನಮ್ಮ ಸೈಟು ರಿಜಿಸ್ಟ್ರೇಷನ್ನಿನ ಹಾಗೇ.

ಈ ಅಂಗಡಿಯ ಗಣ್ಯ ಗಿರಾಕಿ ಜೇಮ್ಸ್ ಬ್ರೂಡೆನೆಲ್, ಕಾರ್ಡಿಗನ್ನಿನ ಏಳನೇ ಅರ್ಲ್ (ವಂಶದ ಬಿರುದು; ಜನ ಕರೆದದ್ದು ಕಾರ್ಡಿಗನ್ ಎಂದೇ). 1824ರಲ್ಲಿ ಕಾರ್ನೆಟ್, ಅಂದರೆ ಅಶ್ವದಳದ ಅತಿ ಕಿರಿಯ ಅಧಿಕಾರಿ; 1830ಕ್ಕೆಲ್ಲ ಲೆಫ್ಟಿನೆಂಟ್ ಕರ್ನಲ್. ನಡುವೆ ಯಾವ ಯುದ್ಧವೂ ಅಡ್ಡ ಬರಲಿಲ್ಲ. 1832ರಲ್ಲಿ 15ನೇ ಹುಸಾರ್ಸ್ ಎಂಬ ಅಶ್ವದಳ ರೆಜಿಮೆಂಟಿನ ದಳಪತಿಯಾಗಲು ಅವರು ಸುರಿದದ್ದು 35 ಸಾವಿರ ಪೌಂಡಿಗೂ ಹೆಚ್ಚಂತೆ. ಎರಡೇ ವರ್ಷದಲ್ಲಿ ಕೈಕೆಳಗಿನ ಕ್ಯಾಪ್ಟನ್ ಒಬ್ಬರನ್ನು ಕೋರ್ಟ್ ಮಾರ್ಷಲ್‌ಗೆ ಎಳೆದರು. ಕ್ಯಾಪ್ಟನ್ ಖುಲಾಸೆಯಾದರು, ಕೆಲಸ ಹೋಗಿದ್ದು ಅರ್ಲ್ ಸಾಹೇಬರದು. ಹೋದರೇನಂತೆ, 1836ರಲ್ಲಿ ಇನ್ನೊಂದು ರೆಜಿಮೆಂಟ್ ಸಿಕ್ಕಿತು.

ಈ 11ನೇ ಲೈಟ್ ಡ್ರಗೂನ್ಸ್‌ನಲ್ಲಿ ಇಂಡಿಯಾದ ಬಿಸಿಲಲ್ಲಿ ಬೆಂದ ಅಧಿಕಾರಿಗಳಿದ್ದರು. ಅನುಭವ ಎಂಬುದು ಕಾರ್ಡಿಗನ್‌ರಿಗೆ ಆಗದ ವಾಸನೆ. 1840ರ ಒಂದು ರಾತ್ರಿ, ಮೆಸ್ಸಿನ ಊಟದ ಮೇಜಿನ ಮೇಲೆ ಕ್ಯಾಪ್ಟನ್ ರೆನಾಲ್ಡ್ಸ್ ಅವರ ಮುಂದೆ ಒಂದು ಕಪ್ಪು ಬಾಟಲಿ. ಒಳಗಿದ್ದದ್ದು ಅತಿಥಿಗೆಂದು ತರಿಸಿದ ಮೊಸೆಲ್ ವೈನ್. ಬಾಟಲಿ ಕಪ್ಪಗಿದೆ, ಅಂದಮೇಲೆ ಅದು ಕೂಲಿಗಳು ಕುಡಿಯುವ ಪೋರ್ಟರ್ ಬಿಯರೇ ಸರಿ, ಎಂದರು ಕಾರ್ಡಿಗನ್! ಮಾತಿಗೆ ಮಾತು ಬೆಳೆದು ರೆನಾಲ್ಡ್ಸ್ ಬಂಧನಕ್ಕೊಳಗಾದರು. ಬಾಟಲಿಯ ಬಣ್ಣಕ್ಕೆ ಸೇನೆಯೊಂದು ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನಂತೂ ಕೇಳಿಲ್ಲ.

ಅದೇ ವರ್ಷ ದ್ವಂದ್ವಯುದ್ಧದಲ್ಲಿ ಕಾರ್ಡಿಗನ್, ಕ್ಯಾಪ್ಟನ್ ಟಕೆಟ್ ಎಂಬವರಿಗೆ ಗುಂಡು ಹೊಡೆದರು. ವಿಚಾರಣೆ ನಡೆದದ್ದು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ, ಸಮಾನ ಅಂತಸ್ತಿನವರ ಮುಂದೆ. ಗುಂಡು ತಿಂದ ಟಕೆಟ್ಟೂ ಆರೋಪಪಟ್ಟಿಯಲ್ಲಿ ಪೂರ್ಣ ಹೆಸರಿದ್ದ ಟಕೆಟ್ಟೂ ಒಬ್ಬರೇ ಎಂದು ಸಾಬೀತಾಗಲಿಲ್ಲವೆಂದು ಬಿಡುಗಡೆ.

ಮುಂದೆ ರಷ್ಯದ ವಿರುದ್ಧ ಕ್ರಿಮಿಯಾ ಯುದ್ಧ. ಸಿಪಾಯಿಗಳು ಡೇರೆಯಲ್ಲಿ ನಡುಗುತ್ತಿದ್ದರೆ ಬ್ರಿಗೇಡ್ ದಳಪತಿ ಕಾರ್ಡಿಗನ್‌ರ ಬಿಡಾರ ಬಂದರಿನಲ್ಲಿದ್ದ ಸ್ವಂತ ವಿಹಾರನೌಕೆ. ಮೇಲಧಿಕಾರಿ ಲಾರ್ಡ್ ಲೂಕನ್ ಇವರ ತಂಗಿಯ ಗಂಡ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. 1854ರ ಅಕ್ಟೋಬರ್ 25ರಂದು ಆಜ್ಞೆಯ ಚೀಟಿ ತಂದ ಕ್ಯಾಪ್ಟನ್ ನೋಲನ್, ನಮ್ಮ ಬೆಂಗಳೂರು ದಂಡಿನಲ್ಲಿ ಪಳಗಿದ ಸವಾರ. ಯಾವ ಫಿರಂಗಿಗಳ ಮೇಲೆ ದಾಳಿ ಎಂಬುದು ಯಾರಿಗೂ ಸರಿಯಾಗಿ ತಿಳಿಯದೆ ಸುಮಾರು 670 ಕುದುರೆ ಸವಾರರು ತಪ್ಪು ಕಣಿವೆಗೆ ನುಗ್ಗಿದರು. ಮೊದಲು ಸತ್ತವರಲ್ಲಿ ನೋಲನ್ ಒಬ್ಬರು. ಎಲ್ಲರಿಗಿಂತ ಮುಂದಿದ್ದವರು ಕಾರ್ಡಿಗನ್ನೇ. ಧೈರ್ಯವೊಂದನ್ನು ಅವರು ದುಡ್ಡು ಕೊಟ್ಟು ಕೊಂಡಿರಲಿಲ್ಲ, ಒಪ್ಪೋಣ. ಆದರೆ ಫಿರಂಗಿ ಮುಟ್ಟಿದ ಮೇಲೆ ಹಿಂದಿದ್ದವರ ಗತಿ ಏನಾಯಿತೆಂದು ನೋಡದೆ ವಾಪಸು ಬಂದರು. ನೂರಕ್ಕೂ ಹೆಚ್ಚು ಸವಾರರ ಹೆಣ ಬಿದ್ದ ದಿನದ ಸಂಜೆ ಸಾಹೇಬರಿಗೆ ನೌಕೆಯಲ್ಲಿ ಸ್ನಾನ, ಊಟ, ಶಾಂಪೇನ್, ನಿದ್ದೆ.

ಊರಿಗೆ ಮರಳಿದಾಗ ಜೈಕಾರ. 1855ರಲ್ಲಿ ಇಡೀ ಅಶ್ವದಳಕ್ಕೇ ಇನ್ಸ್‌ಪೆಕ್ಟರ್ ಜನರಲ್.

ಹುದ್ದೆ ಮಾರಾಟ ನಿಂತದ್ದು ಅವರು ತೀರಿಕೊಂಡ ಮೇಲೆ, 1871ರಲ್ಲಿ. ಕೊಂಡವರಿಗೆ ನಷ್ಟವಾಗಬಾರದಲ್ಲ? ಸರಕಾರ ಬೊಕ್ಕಸದಿಂದ ಪರಿಹಾರ ಕೊಟ್ಟಿತು. ಕಾನೂನೇ ನಿಷೇಧಿಸಿದ್ದ, ಕೈಯಿಂದ ಕೈಗೆ ಹೋದ ಆ ಮೇಲಿನ ಬೆಲೆಯನ್ನೂ ಸೇರಿಸಿ.