ಅರ್ಹತೆ ಇಲ್ಲದ ಅರ್ಹತಾ ಪಂದ್ಯಕ್ಕೊಂದು ಮುನ್ನೋಟ

2025ರ ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಅರೇಬಿಕಾ ಕಾಫಿಯ ಫ್ಲೈ ಪಿಕ್ಕಿಂಗ್‌ಗೆ, ಅಂದರೆ ಮೊದಲು ಹಣ್ಣಾದದ್ದನ್ನು ಆರಿಸಿ ಕೀಳಲು, ಆಳು ಸಿಗ್ತಾರಾ ಅಂತ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂತಿದ್ದೆ. ಆಳು ಸಿಗಲಿಲ್ಲ, ಪತ್ರಿಕೆಯವರ ಫೋನ್ ಬಂತು.

"ಸಾರ್, ಮಂಗಳವಾರ ಢಾಕಾದಲ್ಲಿ ಭಾರತ–ಬಾಂಗ್ಲಾದೇಶ ಫುಟ್ಬಾಲ್ ಮ್ಯಾಚ್ ಇದೆ. ಏಷ್ಯನ್ ಕಪ್ ಅರ್ಹತಾ ಪಂದ್ಯ. ಒಂದು ಮುನ್ನೋಟ ಬೇಕಿತ್ತು, ಏಳ್ನೂರು ಪದ. ನಾಳೆ ಸಂಜೆಯೊಳಗೆ."

"ಗೆದ್ದವರು ಏಷ್ಯನ್ ಕಪ್‌ಗೆ ಹೋಗ್ತಾರಾ?"

"ಇಲ್ಲ ಸಾರ್."

"ಸೋತವರು?"

"ಅವರೂ ಇಲ್ಲ."

"ಡ್ರಾ ಆದ್ರೆ?"

"ಸಾರ್, ನೀವು ಸ್ವಲ್ಪ ಪಾಸಿಟಿವ್ ಆಗಿ ಬರೀರಿ."

ವಿಷಯ ಇಷ್ಟು. 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುವ ಏಷ್ಯನ್ ಕಪ್‌ಗೆ ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಪ್ರವೇಶ. ನಮ್ಮ ಗುಂಪಿನಲ್ಲಿ ಬಾಂಗ್ಲಾ, ಹಾಂಗ್‌ಕಾಂಗ್, ಸಿಂಗಪುರ ಮತ್ತು ನಾವು. ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ ಸೊನ್ನೆ–ಸೊನ್ನೆ. ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕೊನೇ ಗಳಿಗೆಯ ಪೆನಾಲ್ಟಿಯಲ್ಲಿ ಸೋತದ್ದು. ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ ಒಂದು–ಒಂದು. ಐದು ದಿನ ಬಿಟ್ಟು ಅದೇ ಸಿಂಗಪುರವನ್ನು ಮಡಗಾಂವ್‌ಗೆ ಕರೆಸಿ, ಮೊದಲು ನಾವೇ ಗೋಲು ಹೊಡೆದು, ಆಮೇಲೆ ಎರಡು ಹೊಡೆಸಿಕೊಂಡು ಕಳಿಸಿಕೊಟ್ಟದ್ದು. ನಾಲ್ಕು ಪಂದ್ಯ, ಎರಡು ಅಂಕ, ಕತೆ ಮುಗೀತು. ಬಾಂಗ್ಲಾದ್ದೂ ನಾಲ್ಕು ಪಂದ್ಯ, ಎರಡೇ ಅಂಕ, ಅದೇ ಕತೆ. ಈಗ ಇವರಿಬ್ಬರೂ ಢಾಕಾದಲ್ಲಿ ಸೇರಿ ಅರ್ಹತಾ ಪಂದ್ಯ ಆಡಬೇಕು. ತೋಟ ಬ್ಯಾಂಕಿನವರ ಪಾಲಾದ ಮೇಲೆ ಅಣ್ಣತಮ್ಮಂದಿರು ಬೇಲಿಯ ತಕರಾರಿಗೆ ಸರ್ವೆಯವರನ್ನು ಕರೆಸಿದ ಹಾಗೆ.

ಬರೆಯಲು ಸಿದ್ದಾಪುರದ ಕಾಕನ ಚಾಯದ ಅಂಗಡಿಗೆ ಹೋದೆ. ಫುಟ್ಬಾಲ್ ಬಗ್ಗೆ ಬರೆಯುವವನು ಕೊಡಗಿನಲ್ಲಿ ಬೇರೆಲ್ಲೂ ಕೂರಬಾರದು. ನಾಪೋಕ್ಲಿನಲ್ಲಿ ಕೂತರೆ ಹಾಕಿ ಬಗ್ಗೆ ಬರೆಸುತ್ತಾರೆ. ಕಾಕನ ಅಂಗಡಿ ಮುಂದೆ 2022ರ ವಿಶ್ವಕಪ್ ಹೊತ್ತಿಗೆ ಕಟ್ಟಿದ್ದ ಅರ್ಜೆಂಟೀನಾದ ಬಾವುಟ ಇನ್ನೂ ಇದೆ. ಮೂರು ಮಳೆಗಾಲ ನೆನೆದು ಅದರ ನೀಲಿ ಹೋಗಿದೆ, ನಡುವಿನ ಸೂರ್ಯ ಮಾತ್ರ ಅರಿಶಿನದ ಕಲೆಯಂತೆ ಉಳಿದಿದ್ದಾನೆ. ಸದ್ಯಕ್ಕೆ ಅದನ್ನು ನೇಂದ್ರ ಬಾಳೆಗೊನೆಗೆ ಸುತ್ತಿದ್ದಾರೆ. ಗೊನೆ ಬೇಗ ಹಣ್ಣಾಗುತ್ತದಂತೆ.

"ಕಾಕಾ, ಮಂಗಳವಾರ ಇಂಡಿಯಾ ಮ್ಯಾಚ್ ಇದೆಯಲ್ಲ, ಟಿವಿ ಹಾಕ್ತೀರಾ?"

ಕಾಕ ಚಾಯ ಎತ್ತಿ ಹೊಯ್ಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಮೋನೇ, ಈ ತಿಂಗಳು ಕೊಚ್ಚಿಗೆ ಮೆಸ್ಸಿ ಬರ್ತಾನೆ ಅಂದಿದ್ರು. ನಾನು ಬಿಳಿ ಅಂಗಿ ಹೊಲಿಸಿದೆ. ಪೇಪರಲ್ಲಿ ಒಂದು ವರ್ಷ ಬಂತು, ಯಾರು ಆಡ್ತಾರೆ, ಎಲ್ಲಿ ಆಡ್ತಾರೆ, ಸ್ಟೇಡಿಯಂ ಹ್ಯಾಗೆ ರಿಪೇರಿ ಮಾಡ್ತಾರೆ, ಎಲ್ಲ ಬಂತು. ಅರ್ಜೆಂಟೀನಾ ಮಾತ್ರ ಬರಲಿಲ್ಲ. ಫೀಫಾದ ಅನುಮತಿ ಸಿಗಲಿಲ್ಲವಂತೆ. ಅಂಗಿ ಮಗಳ ಗಂಡನಿಗೆ ಕೊಟ್ಟೆ."

ಅಲ್ಲಿಗೆ ನನಗೆ ಒಂದು ಸಮಾಧಾನ ಸಿಕ್ಕಿತು. ಪಂದ್ಯವೇ ಇಲ್ಲದ ಮುನ್ನೋಟವನ್ನು ಒಂದು ವರ್ಷ ಓದಿದ ಜನ ಇವರು. ಪಂದ್ಯ ಇದ್ದು, ಅದರಿಂದ ಏನೂ ಆಗದ ಮುನ್ನೋಟ ಇವರಿಗೆ ಯಾವ ಲೆಕ್ಕ?

ಪೆನ್ನು ತೆಗೆದೆ. ನಮ್ಮ ಕ್ರೀಡಾಪುಟಗಳಲ್ಲಿ ಅಂಕ ಖಾಲಿಯಾದ ಕೂಡಲೇ ಪ್ರತಿಷ್ಠೆ ಹೊರಗೆ ಬರುತ್ತದೆ, ಮೀನುಸಾರು ಮುಗಿದಾಗ ಉಪ್ಪಿನಕಾಯಿ ಭರಣಿ ಬರುವ ಹಾಗೆ. ಹಾಗಾಗಿ "ಪ್ರತಿಷ್ಠೆಯ ಕದನಕ್ಕೆ ಢಾಕಾ ಸಜ್ಜು" ಎಂದು ಶುರು ಮಾಡಿದೆ. ಢಾಕಾ ನಿಜವಾಗಿ ಸಜ್ಜಾಗಿದೆಯೋ ಇಲ್ಲವೋ ನಾನು ಕಂಡಿಲ್ಲ, ಆದರೆ ಮುನ್ನೋಟದಲ್ಲಿ ಊರು ಸಜ್ಜಾಗದೆ ಇರಲು ಬರುವುದಿಲ್ಲ. ಎರಡನೇ ವಾಕ್ಯ: "ಫೀಫಾ ಪಟ್ಟಿಯಲ್ಲಿ 136ನೇ ಸ್ಥಾನದಲ್ಲಿರುವ ಭಾರತ, 183ನೇ ಸ್ಥಾನದ ಬಾಂಗ್ಲಾದೇಶವನ್ನು ಲಘುವಾಗಿ ಪರಿಗಣಿಸುವಂತಿಲ್ಲ." ಇದೂ ತಪ್ಪಲ್ಲ. ಭಾರತ ಯಾರನ್ನಾದರೂ ಲಘುವಾಗಿ ಪರಿಗಣಿಸಿ ಎಷ್ಟೋ ಕಾಲವಾಯಿತು, ಅದಕ್ಕೆ ಅವಕಾಶವೇ ಸಿಕ್ಕಿಲ್ಲ. 2023ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗ ನಾವು 99ನೇ ಸ್ಥಾನದವರೆಗೆ ಹತ್ತಿದ್ದೆವು. ಅಲ್ಲಿಂದ ಇಳಿದ ವೇಗ ನೋಡಿದರೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ಬಸ್ಸಿಗೂ ಬ್ರೇಕು ಜಾಸ್ತಿ.

ಅಷ್ಟರಲ್ಲಿ ನಾಪೋಕ್ಲಿನ ಮಾವ ಫೋನ್ ಮಾಡಿದರು. ಹಾಕಿ ಬಿಟ್ಟು ಬೇರೆ ಆಟವನ್ನು ಆಟ ಎಂದು ಒಪ್ಪದವರು. ಮುನ್ನೋಟದ ವಿಷಯ ಹೇಳಿದೆ.

"ಎಂತ ಮಾರಾಯ, ದೇಶದಲ್ಲಿ ನೂರನಲ್ವತ್ತು ಕೋಟಿ ಜನ ಅಂತಾರೆ, ಹನ್ನೊಂದು ಜನ ಸಿಗ್ತಿಲ್ಲವಾ? ನಮ್ಮಲ್ಲಿ ಈ ವರ್ಷ ಮಡಿಕೇರಿಯಲ್ಲಿ ಮುದ್ದಂಡ ಕಪ್‌ಗೆ 396 ಒಕ್ಕ ಬಂತು. ಒಂದೊಂದು ಒಕ್ಕದಿಂದ ಹನ್ನೊಂದು ಅಂದ್ರೆ ಎಷ್ಟಾಯ್ತು, ಲೆಕ್ಕ ಹಾಕು."

ಹಾಕಿದೆ. 4,356. ಹೊರಗೆ ಕೂತವರನ್ನು ಬಿಟ್ಟು. ಒಕ್ಕ ಅಂದರೆ ಕೊಡವ ಮನೆತನ; ಈ ಮನೆತನಗಳ ಹಾಕಿ ಕಪ್ಪನ್ನು 1997ರಲ್ಲಿ ಕರಡದಲ್ಲಿ ಪಾಂಡಂಡದವರು ಶುರುಮಾಡಿದಾಗ ಅರವತ್ತು ಕುಟುಂಬ ಇತ್ತು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಆಟ ಅದು. ಅಲ್ಲಿ ಅರ್ಹತಾ ಸುತ್ತು ಅಂತ ಇಲ್ಲ, ಮನೆ ಹೆಸರು ಇದ್ದರೆ ಆಯಿತು. ಮಾವನ ಪ್ರಕಾರ ಭಾರತದ ಫುಟ್ಬಾಲ್ ಹಾಳಾದದ್ದೇ ಈ ಅರ್ಹತೆ ಎಂಬ ಕೆಟ್ಟ ಪದ್ಧತಿಯಿಂದ. ಎಲ್ಲರನ್ನೂ ಆಡಲು ಬಿಟ್ಟು ಊಟ ಹಾಕಿ ಕಳಿಸಿದರೆ ಯಾರಿಗೂ ಅವಮಾನ ಇಲ್ಲ.

ಮನೆ ಹೆಸರು ಅಂದಾಗ ನೆನಪಾಯಿತು. ಈ ಸಲ ಭಾರತದ ತಂಡದೊಟ್ಟಿಗೆ ಢಾಕಾಕ್ಕೆ ರಯಾನ್ ವಿಲಿಯಮ್ಸ್ ಹೋಗಿದ್ದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಬೆಂಗಳೂರು ಎಫ್‌ಸಿ ಆಟಗಾರ, ತಾಯಿ ಮನೆ ಕಡೆಯಿಂದ ಮುಂಬೈಯವರು. ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟು ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡರು. ಇಲ್ಲಿ ಅರ್ಧ ಊರು ಮಕ್ಕಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಲು ಏಜೆಂಟರ ಮನೆ ಬಾಗಿಲಲ್ಲಿ ನಿಂತಿರುವಾಗ ಈ ಮನುಷ್ಯ ಎದುರು ದಿಕ್ಕಿನಿಂದ ಓಡಿ ಬಂದಿದ್ದಾರೆ. ಅವರಿಗೆ ಕೊಟ್ಟ ಬಹುಮಾನ ಏನು? ಆಸ್ಟ್ರೇಲಿಯಾದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬಂದಿಲ್ಲ, ಆದ್ದರಿಂದ ಸದ್ಯಕ್ಕೆ ಕೂತಿರಿ. ಇದನ್ನು ಓದಿದ ದಿನ ಅವರು ನಿಜವಾಗಿ ಭಾರತೀಯರಾದರು ಎಂದು ನನಗೆ ಖಾತ್ರಿಯಾಯಿತು. ಪೌತಿ ಖಾತೆಗೆ ಅರ್ಜಿ ಕೊಟ್ಟು ತಾಲೂಕು ಕಚೇರಿಯ ಬೆಂಚಿನ ಮೇಲೆ ಕೂತಿದ್ದವರಿಗೆ ಆ ಮುಖಭಾವ ಪರಿಚಯದ್ದು.

ಎದುರಾಳಿಗಳು ಈ ವಿಷಯದಲ್ಲಿ ಚುರುಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಲ್ಲಿನ ಲೆಸ್ಟರ್ ಸಿಟಿ ಕ್ಲಬ್ಬಿನ ಆಟಗಾರನಾಗಿದ್ದ ಹಮ್ಜಾ ಚೌಧರಿಯ ಕಾಗದವನ್ನು 2024ರಲ್ಲೇ ಸರಿಮಾಡಿಕೊಂಡು, ಮಾರ್ಚ್‌ನಲ್ಲಿ ಶಿಲ್ಲಾಂಗ್‌ಗೆ ತಂದು ನಮ್ಮ ಮುಂದೆ ನಿಲ್ಲಿಸಿದರು. ಅದೇ ಪಂದ್ಯಕ್ಕೆ ನಾವು ತಂದು ನಿಲ್ಲಿಸಿದ್ದು ನಿವೃತ್ತರಾದ ಸುನಿಲ್ ಛೆಟ್ರಿಯನ್ನು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ, ಕುವೈತ್ ಜೊತೆ ಸೊನ್ನೆ–ಸೊನ್ನೆಯ ಅರ್ಹತಾ ಪಂದ್ಯ ಮುಗಿಸಿ, 94 ಗೋಲು ಲೆಕ್ಕಕ್ಕಿಟ್ಟು, ಕಣ್ಣೀರಿಟ್ಟು ಹೊರಟವರು. ಒಂಬತ್ತು ತಿಂಗಳಾಗುವಾಗ ಮನೆಯಲ್ಲಿ ಗೋಲು ಹೊಡೆಯುವವರು ಯಾರೂ ಇಲ್ಲ ಎಂದು ಮತ್ತೆ ಕರೆದರು. ಒಕ್ಕದ ಮೂಲಮನೆಯಾದ ಐನ್‌ಮನೆಯ ಕೀಲಿಕೈ ಒಪ್ಪಿಸಿ ಹೊರಗೆ ಬಂದ ಹಿರಿಯ ಯಜಮಾನ ಪಟ್ಟೆದಾರರನ್ನು, ದೀಪ ಹಚ್ಚಲು ಯಾರಿಗೂ ಬರುವುದಿಲ್ಲ ಎಂದು ವಾಪಸು ಕರೆದ ಹಾಗೆ. ನಲ್ವತ್ತು ವಯಸ್ಸಿನ ಅವರು ಬಂದರು, ಮಾಲ್ಡೀವ್ಸ್ ಮೇಲೆ ಒಂದು ಗೋಲನ್ನೂ ಹೊಡೆದರು. ಬೈಯಬೇಕಾದ್ದು ಅವರನ್ನಲ್ಲ.

ಮುನ್ನೋಟದಲ್ಲಿ ತಂಡದ ಬಲ ಬರೆಯಬೇಕು. ಆಟಗಾರರ ಇತ್ತೀಚಿನ ಫಾರ್ಮ್ ನೋಡೋಣ ಎಂದರೆ ಲೀಗೇ ನಡೆಯುತ್ತಿರಲಿಲ್ಲ. ದೇಶದ ದೊಡ್ಡ ಫುಟ್ಬಾಲ್ ಲೀಗ್ ಐಎಸ್‌ಎಲ್ ಜುಲೈನಿಂದ ನಿಂತಿತ್ತು. ಲೀಗ್ ನಡೆಸುವ ಹಕ್ಕಿಗೆ ಟೆಂಡರ್ ಕರೆದು, ನವೆಂಬರ್ ಮೊದಲ ವಾರ ಗಡುವು ಮುಗಿಯುವಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ. ಇದನ್ನು ಕಾಕನಿಗೆ ಹೇಳಿದೆ, ನಂಬಲಿಲ್ಲ. ನಮ್ಮ ಪಂಚಾಯಿತಿಯಲ್ಲಿ ಹಸಿಮೀನು ಮಾರಾಟದ ಹಕ್ಕು ಹರಾಜಾಗುವ ದಿನ ಜನ ಸೇರುವುದನ್ನು, ಕೂಗಾಡುವುದನ್ನು, ಒಬ್ಬರ ಮೇಲೊಬ್ಬರು ಏರಿಸುವುದನ್ನು ಕಂಡವರು ಅವರು. "ಒಂದು ಮತ್ತಿಮೀನು ಅಂಗಡಿಗೆ ಇರುವ ಬೆಲೆ ಇಡೀ ದೇಶದ ಫುಟ್ಬಾಲ್‌ಗೆ ಇಲ್ಲವಾ ಮೋನೇ?" ಎಂದು ಕೇಳಿ, ಬಾಳೆಹಣ್ಣಿನ ಪಳಂಪೊರಿಯ ತಟ್ಟೆ ಮುಂದಿಟ್ಟರು. ಅದರ ಕೆಳಗೆ ಎಣ್ಣೆ ಹೀರಲು ಹಾಕಿದ್ದ ಪೇಪರಿನಲ್ಲಿ ಸಿಂಗಪುರ ಪಂದ್ಯದ ಮುನ್ನೋಟವಿತ್ತು. "ಭಾರತಕ್ಕೆ ಮಾಡು ಇಲ್ಲವೇ ಮಡಿ" ಎಂಬಲ್ಲಿಗೆ ಎಣ್ಣೆ ಇಳಿದಿತ್ತು.

ಕೊನೆಗೆ ಭವಿಷ್ಯ. ಯಾರು ಗೆಲ್ಲುತ್ತಾರೆ? ಇದಕ್ಕೆ ಹಳೇ ಪರಿಹಾರ ಒಂದಿದೆ. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಅಫ್ಘಾನಿಸ್ತಾನದ ವಿರುದ್ಧದ ಅರ್ಹತಾ ಪಂದ್ಯಕ್ಕೆ ಮೊದಲು ಅಂದಿನ ಕೋಚ್ ಆಟಗಾರರ ಹೆಸರುಗಳನ್ನು ಒಬ್ಬ ಜ್ಯೋತಿಷಿಗೆ ಕಳಿಸಿ ಯಾರಿಗೆ ಗ್ರಹಬಲ ಇದೆ ಎಂದು ಕೇಳಿದ್ದರೆಂದು ಮರುವರ್ಷ ಪತ್ರಿಕೆಗಳು ಬರೆದವು, ಲಕ್ಷಗಟ್ಟಲೆ ದಕ್ಷಿಣೆಯ ಲೆಕ್ಕವೂ ಬಂತು. ಪಂದ್ಯವನ್ನು ನಾವು 2–1ರಿಂದ ಗೆದ್ದೆವು. ಛೆಟ್ರಿಯ ಫ್ರೀ ಕಿಕ್ಕಿಗೆ ಯಾವ ಗ್ರಹ ಗೋಡೆ ಕಟ್ಟಲಿಲ್ಲವೋ ಗೊತ್ತಿಲ್ಲ. ಕೊಡಗಿನವರು ಇದನ್ನು ನೋಡಿ ನಗುವಂತಿಲ್ಲ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವ ಗಳಿಗೆಯನ್ನು ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಜೋಯಿಸರೇ ಹೇಳಬೇಕು. ಆದರೆ ಒಂದು ವ್ಯತ್ಯಾಸ ಇದೆ ಸ್ವಾಮಿ. ಜೋಯಿಸರು ಗಳಿಗೆ ಹೇಳುವ ಹೊತ್ತಿಗೆ ನಾವು ಗದ್ದೆ ಉತ್ತು, ನಾಟಿ ಮಾಡಿ, ಕಾಡುಹಂದಿ ಕಾದು, ಭತ್ತ ಬೆಳೆದಿರುತ್ತೇವೆ. ಬರೀ ಬಯಲು ತೋರಿಸಿ ಕದಿರಿಗೆ ಮುಹೂರ್ತ ಕೇಳುವುದಿಲ್ಲ.

ಎಲ್ಲ ಕೇಳುತ್ತಾ ಮೂಲೆಯಲ್ಲಿ ಮೊಬೈಲ್ ಒತ್ತುತ್ತಿದ್ದ ಕಾಕನ ಮಗ ಬಾಯಿ ಬಿಟ್ಟ. "ಅಣ್ಣ, ಕೇಪ್ ವರ್ಡೆ ಗೊತ್ತಾ? ಆಫ್ರಿಕಾದ ಹತ್ತಿರ ಹತ್ತು ದ್ವೀಪ. 4,033 ಚದರ ಕಿಲೋಮೀಟರ್, ಐದೂಕಾಲು ಲಕ್ಷ ಜನ. ಹೋದ ತಿಂಗಳು 13ನೇ ತಾರೀಖು ಎಸ್ವಾಟಿನಿಯನ್ನು 3–0 ಹೊಡೆದು ವಿಶ್ವಕಪ್‌ಗೆ ಹೋಯ್ತು." ಮಡಗಾಂವ್‌ನಲ್ಲಿ ನಮ್ಮದು ಮುಗಿದದ್ದು 14ನೇ ತಾರೀಖು. ಅದು ಇರಲಿ, ಅಂಕಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ತಲೆ ಕೆರೆದುಕೊಂಡೆ. ಕೊಡಗು 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ 5,54,519 ಜನ. ಅಂದರೆ ನಮ್ಮ ಜಿಲ್ಲೆಯನ್ನೇ ಹತ್ತು ತುಂಡು ಮಾಡಿ ಅಟ್ಲಾಂಟಿಕ್‌ಗೆ ಎಸೆದಿದ್ದರೆ ನಾವು ಈಗ ವಿಶ್ವಕಪ್‌ನಲ್ಲಿರುತ್ತಿದ್ದೆವು. 1956ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದವರು ಆಗಲೇ ಒಂದು ಅರ್ಜಿಯನ್ನು ಫೀಫಾಕ್ಕೂ ಹಾಕಿಟ್ಟಿರಬೇಕಿತ್ತು. ಸುಂಟಿಕೊಪ್ಪದಲ್ಲಿ ವರ್ಷಾ ವರ್ಷ ಫುಟ್ಬಾಲ್ ಆಡುವ ಹುಡುಗರಿಗೆ ಒಂದು ಧ್ವಜ, ಒಂದು ರಾಷ್ಟ್ರಗೀತೆ ಕೊಟ್ಟರೆ ಸಾಕಿತ್ತು.

ಇದನ್ನೆಲ್ಲ ಮುನ್ನೋಟದಲ್ಲಿ ಹಾಕುವ ಹಾಗಿಲ್ಲ, ಪಾಸಿಟಿವ್ ಆಗಿರಬೇಕು. ಸೋಮವಾರ ಸಂಜೆ ಕಳಿಸಿದ್ದರಲ್ಲಿ ಇದ್ದದ್ದು ಇಷ್ಟು: ಭಾರತ ಎಚ್ಚರಿಕೆಯಿಂದ ಆಡಬೇಕಿದೆ. ಮಧ್ಯಮ ಕ್ರಮಾಂಕ ಜವಾಬ್ದಾರಿ ಹೊರಬೇಕಿದೆ (ಇದು ಕ್ರಿಕೆಟ್ಟಿನದ್ದು, ಯಾರೂ ತಿದ್ದಲಿಲ್ಲ). ಸಿಕ್ಕ ಅವಕಾಶವನ್ನು ಗೋಲಾಗಿ ಪರಿವರ್ತಿಸಬೇಕಿದೆ. ಯುವ ಆಟಗಾರರಿಗೆ ಇದು ಸುವರ್ಣಾವಕಾಶ. ಅಭಿಮಾನಿಗಳ ಕಣ್ಣು ಢಾಕಾದತ್ತ ನೆಟ್ಟಿದೆ.

ಮಂಗಳವಾರ ಪೇಪರ್ ಬಿಡಿಸಿದರೆ ಮುನ್ನೋಟ ಇಲ್ಲ. ಆ ಪುಟದಲ್ಲಿ ಯಾರದ್ದೋ ಹುಟ್ಟುಹಬ್ಬಕ್ಕೆ ಅಭಿನಂದನೆಯ ಜಾಹೀರಾತು, ಕೈ ಮುಗಿದ ನಲ್ವತ್ತು ತಲೆಗಳು. ರಾತ್ರಿ ಪಂದ್ಯ ನಡೆಯಿತು. ಮೊದಲ ಕಾಲು ಗಂಟೆಯೊಳಗೆ ಶೇಖ್ ಮೊರ್ಸಲಿನ್ ಹೊಡೆದ ಒಂದು ಗೋಲು, ಆಮೇಲೆ ಉಳಿದ ಹೊತ್ತೆಲ್ಲ ನಾವು ಅದನ್ನೇ ನೋಡುತ್ತಾ ಓಡಾಡಿದ್ದು. 2003ರ ನಂತರ ಬಾಂಗ್ಲಾ ನಮ್ಮನ್ನು ಸೋಲಿಸಿದ್ದು ಇದೇ ಮೊದಲು. ಗುಂಪಿನಲ್ಲಿ ನಾವು ಕೊನೆ, ಫೀಫಾ ಪಟ್ಟಿಯಲ್ಲಿ 142. ಅದೇ ದಿನ ಕಿಂಗ್‌ಸ್ಟನ್‌ನಲ್ಲಿ ಜಮೈಕಾ ಜೊತೆ ಡ್ರಾ ಮಾಡಿಕೊಂಡು ಕ್ಯುರಸಾವ್ ಎಂಬ ದ್ವೀಪವೂ ವಿಶ್ವಕಪ್‌ಗೆ ಹೋಯಿತು. ಕೊಡಗಿನ ಮೂರನೇ ಒಂದು ಪಾಲೂ ಜನ ಇಲ್ಲ ಅಲ್ಲಿ. ಕಾಕನ ಮಗ ಸಂದೇಶ ಕಳಿಸಿದ್ದ, ನಾನು ಉತ್ತರ ಕೊಡಲಿಲ್ಲ.

ಗುರುವಾರ ನನ್ನ ಮುನ್ನೋಟ ಅಚ್ಚಾಯಿತು. ಪುಟದ ಮೇಲ್ಭಾಗದಲ್ಲೇ, "ಪ್ರತಿಷ್ಠೆಯ ಕದನಕ್ಕೆ ಢಾಕಾ ಸಜ್ಜು." ಗಾಬರಿಯಿಂದ ಪೂರ್ತಿ ಓದಿದೆ. ಪಂದ್ಯ ಮುಗಿದು ಎರಡು ದಿನವಾಗಿದ್ದರೂ ಅದರಲ್ಲಿ ಒಂದು ವಾಕ್ಯವೂ ಸುಳ್ಳಾಗಿರಲಿಲ್ಲ. ಭಾರತ ಈಗಲೂ ಎಚ್ಚರಿಕೆಯಿಂದ ಆಡಬೇಕಿತ್ತು, ಅವಕಾಶವನ್ನು ಗೋಲಾಗಿ ಪರಿವರ್ತಿಸಬೇಕಿತ್ತು. ಪತ್ರಿಕೆಗೆ ಫೋನ್ ಮಾಡಿ ಹೇಳೋಣವೆಂದು ಮೊಬೈಲ್ ಎತ್ತುವಷ್ಟರಲ್ಲಿ ಮಾವನದ್ದೇ ಕರೆ.

"ಓದಿದೆ ಮಾರಾಯ, ಚೆನ್ನಾಗಿ ಬರೆದಿದ್ದಿ. ಫುಟ್ಬಾಲ್ ಆದ್ರೂ ಇವತ್ತು ಒಂದು ನೋಡಿಯೇ ಬಿಡೋಣ ಅನ್ನಿಸ್ತು. ಮ್ಯಾಚು ಎಷ್ಟು ಗಂಟೆಗೆ?"

"ಏಳೂವರೆಗೆ ಮಾವ," ಅಂದೆ.