ಸಂಪಿಗೆ ಘಮ, ಕಾರ್ ಪಾರ್ಕಿಂಗ್ ಸಮೇತ

ಮನೆ ಮಲ್ಲೇಶ್ವರದಲ್ಲಿ ಅಂದ ತಕ್ಷಣ ಎದುರಿನವರ ಕಣ್ಣು ಅರ್ಧ ಮುಚ್ಚುತ್ತದೆ. "ಪುಣ್ಯ ಮಾಡಿದ್ರಿ ಬಿಡಿ. ಬೆಳಗ್ಗೆ ಸುಪ್ರಭಾತ, ಫಿಲ್ಟರ್ ಕಾಫಿ, ಸಂಪಿಗೆ ಘಮ!" ನಾನೂ ಹೂಂ ಅನ್ನುತ್ತೇನೆ. ಸುಪ್ರಭಾತ ಕೇಳಿಸುವುದು ನಿಜ, ಪಕ್ಕದ ಸೈಟಿನ ಬೋರ್‌ವೆಲ್ ಲಾರಿ ಸುಧಾರಿಸಿಕೊಳ್ಳಲು ನಿಂತಾಗ. ಸಂಪಿಗೆ ರಸ್ತೆಯಲ್ಲೊಂದು ಮೆಟ್ರೊ ಸ್ಟೇಷನ್ ಇದೆ, ಅದರ ಹೆಸರಿನಲ್ಲೂ ಮಾಲು ಮೊದಲು, ಸಂಪಿಗೆ ಆಮೇಲೆ.

ಭಾನುವಾರ ನಮ್ಮ ಗೇಟು ನಮ್ಮದಲ್ಲ. ದೋಸೆಗೆ ಬಂದವರ ಬೈಕು ಅಡ್ಡ ನಿಂತಿರುತ್ತವೆ. ಅವರು ಹೋದರೆ ಹಳೇ ಮನೆ ನೋಡುವವರ ತಂಡ. ಮೊನ್ನೆ ಅಮ್ಮ ಜಗಲಿ ಮೇಲೆ ಕೂತು ಎಂಟನೇ ಕ್ರಾಸಿನಿಂದ ತಂದ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಒಬ್ಬ ಹುಡುಗ ಮೊಬೈಲ್ ಹಿಡಿದು, "ಅಜ್ಜಿ, ಆ ಪ್ಲಾಸ್ಟಿಕ್ ಬುಟ್ಟಿ ಸ್ವಲ್ಪ ಆ ಕಡೆ ಇಡ್ತೀರಾ?" ಅಂದ. ಪಾಪ, ಇಟ್ಟರು. "ಬಿದಿರಿನ ಮೊರ ಇಲ್ವಾ?" ಅಂದಿದ್ದಕ್ಕೆ ಒಳಗೆ ಹೋದವರು ಮತ್ತೆ ಆಚೆ ಬರಲಿಲ್ಲ.

ಇವರಿಗೆಲ್ಲ ತುಂಬಾ ಇಷ್ಟವಾಗುವುದು ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. "ಆ ಕಾಲದವರಿಗೆ ಎಂಥಾ ಟೇಸ್ಟು ಅಲ್ವಾ!" ಟೇಸ್ಟಲ್ಲ ಸ್ವಾಮಿ. ಪಾಯಿಖಾನೆಯ ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದ ಹಾಗೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ಗಲ್ಲಿ ಅದು. ಈಗ ಗೋಡೆಗೆ ಚಿತ್ರ ಬರೆದಿದ್ದಾರೆ, ಮದುವೆ ನಿಶ್ಚಯವಾದ ಜೋಡಿಗಳು ಬಂದು ಕೈ ಕೈ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ.

ನಮ್ಮವರೇನು ಕಮ್ಮಿ? ಸ್ಯಾಂಕಿ ಕೆರೆ ಸುತ್ತುವ ಹಿರಿಯರ ಗುಂಪಿಗೆ ದಿನಾ ಒಂದೇ ರಾಗ, "ಏರಿಯಾ ಕೆಟ್ಟೋಯ್ತು, ಎಲ್ಲಿಂದೆಲ್ಲಿಂದಲೋ ಬಂದು ತುಂಬ್ಕೊಂಡ್ರು." ನಾವೇನು ಇಲ್ಲೇ ಮೊಳೆತವರಾ? 1898ರಲ್ಲಿ ಪೇಟೆಗೆ ಪ್ಲೇಗ್ ಬಡಿಯಿತು, ಆ ಇಕ್ಕಟ್ಟಿನಿಂದ ಜನ ಆಚೆ ಬರಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆ ಮಾಡಿದರು. ನಮ್ಮದೂ ಒಂದು ಹೊಸ ಲೇಔಟೇ. 17ನೇ ಶತಮಾನದಿಂದ ಇಲ್ಲೇ ಗುಡಿಯಲ್ಲಿರುವ ದೇವರು ಕಾಡು ಮಲ್ಲೇಶ್ವರ, ಹೆಸರಲ್ಲಷ್ಟೇ ಕಾಡು ಉಳಿದಾಗ ಏನಂದುಕೊಂಡನೋ, ಕೇಳಿದವರಿಲ್ಲ.

ಇಷ್ಟೆಲ್ಲ ಬರೆಯುತ್ತಾ ಕೂತಿರುವಾಗಲೇ ಬ್ರೋಕರ್ ಬಂದ. ಮಾರುವ ಮಾತೇ ಇಲ್ಲ ಅಂತ ಖಡಾಖಂಡಿತ ಹೇಳಿದೆ. ಆಮೇಲೆ, ಸುಮ್ನೆ, ಗೊತ್ತಿರಲಿ ಅಂತ, ಸ್ಕ್ವೇರ್ ಫೀಟಿಗೆ ಎಷ್ಟು ನಡೀತಿದೆ ಅಂದೆ. ಅವನು ಹೇಳಿದ್ದು ಕೇಳಿ ಕುರ್ಚಿ ಎಳೆದು ಕೂರಿಸಿ ಕಾಫಿ ಕೊಟ್ಟೆ. ಕಾಫಿ ಮುಗಿಸಿ ಜಗಲಿಯದ್ದೊಂದು, ಹಿತ್ತಲ ಸಂಪಿಗೆ ಮರದ್ದೊಂದು ಫೋಟೊ ತೆಗೆದ.

"ಮರ ಇದ್ರೆ ಹಳೇ ಮಲ್ಲೇಶ್ವರದ ಫೀಲ್ ಬರುತ್ತೆ ಸಾರ್. ರೇಟು ಜಾಸ್ತಿ."

"ಹಾಗಾದ್ರೆ ಮರ ಉಳಿಸ್ತಾರಾ?"

"ಅಯ್ಯೋ, ಅದು ಪಾರ್ಕಿಂಗ್ ಬರೋ ಜಾಗ."

ಒಳಗಿನಿಂದ ಅಮ್ಮನ ದನಿ ಬಂತು. "ಎಷ್ಟಂತೆ ಕಣೋ?"